ಹಗಲಿನ ನೌಕರಿ, ಸಂಜೆಯ ಕಾರು: ಮನೆಯಲ್ಲಿ ವಾಹನ ಕಟ್ಟುವವರು ಯಾರು?

ಮನೆಯ ಶೆಡ್ಡಿನಲ್ಲಿ ಒಬ್ಬರು ಸ್ವಂತ ಕೈಯಿಂದ ಕಾರು ಕಟ್ಟಿದರೆಂಬ ಸುದ್ದಿ ನಮ್ಮಲ್ಲಿ ಆಗಾಗ ಬರುತ್ತದೆ. ಅವರ ಪ್ರತಿಭೆಯನ್ನು ಹೊಗಳಿ, ತಗಲಿದ ಖರ್ಚು ಹೇಳಿ, ವಾಹನದ ಪಕ್ಕ ನಿಂತ ಚಿತ್ರವೊಂದನ್ನು ಹಾಕಿದರೆ ಸುದ್ದಿ ಮುಗಿಯುತ್ತದೆ. ಅವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಆ ಕೆಲಸದಿಂದ ಸಂಜೆ ಎಷ್ಟು ಹೊತ್ತಿಗೆ ಬಿಡುವಾಗುತ್ತದೆ, ಕಟ್ಟಿದ ಕಾರು ಕಡೆಗೆ ಏನಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಈ ಹವ್ಯಾಸ ಆಳವಾಗಿ ಬೇರುಬಿಟ್ಟ ಬ್ರಿಟನ್ನಿನ ಚರಿತ್ರೆಯನ್ನು ನೋಡಿದರೆ ಮುಖ್ಯವಾದ ಪ್ರಶ್ನೆಗಳು ಇವೇ ಎನಿಸುತ್ತದೆ. ಮನೆಯಲ್ಲಿ ಕಾರು ಕಟ್ಟಲು ಯಾರಿಂದ ಸಾಧ್ಯ ಎಂಬುದನ್ನು ಅಲ್ಲಿ ಕೈಚಳಕಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಹಗಲಿನ ನೌಕರಿಯ ಸ್ವರೂಪ ಮತ್ತು ದೇಶದ ಕಾನೂನು. ಅದೇ ಅಳತೆಗೋಲನ್ನು ಕರ್ನಾಟಕಕ್ಕೆ ಹಿಡಿದರೆ, ಬೇಕಾದ ಕೌಶಲವೆಲ್ಲ ಇದ್ದೂ ನಮ್ಮಲ್ಲಿ ಈ ಹವ್ಯಾಸ ಯಾಕೆ ಬೆಳೆಯಲಿಲ್ಲ ಎಂಬುದಕ್ಕೆ ಉತ್ತರ ಸಿಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಹೊಸ ಕಾರು ಕೊಳ್ಳುವುದು ಸಾಮಾನ್ಯ ಸಂಬಳದಾರನ ಕೈಗೆಟುಕುವ ಮಾತಾಗಿರಲಿಲ್ಲ. ಆದರೆ 1922ರಿಂದ 1939ರ ತನಕ ಸುಮಾರು 2,90,000ದಷ್ಟು ತಯಾರಾಗಿದ್ದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರುಗಳು ಹಳತಾಗಿ ಗುಜರಿ ಬೆಲೆಗೆ ಸಿಗುತ್ತಿದ್ದವು. ಅವುಗಳ ಬಾಡಿ ಕಿತ್ತು, ಚಾಸಿ (ಕಾರಿನ ಅಡಿಯ ಚೌಕಟ್ಟು) ಮತ್ತು ಇಂಜಿನ್ನನ್ನು ತಿದ್ದಿ, ಮೇಲೆ ಹಗುರವಾದ ಹೊಸ ಬಾಡಿ ಕೂರಿಸಿ ‘ಸ್ಪೆಷಲ್’ ಮಾಡಿಕೊಳ್ಳುವ ರೂಢಿ ಬೆಳೆಯಿತು. ಇಂಥವರನ್ನು ಒಂದುಗೂಡಿಸಿದ್ದು 1939ರಲ್ಲಿ ಸ್ಥಾಪನೆಯಾದ 750 ಮೋಟಾರ್ ಕ್ಲಬ್. ಯುದ್ಧದ ನಂತರ ಆ ಕ್ಲಬ್ಬಿನ ಮುಂಚೂಣಿಯಲ್ಲಿದ್ದ ಹಾಲೆಂಡ್ ಬರ್ಕೆಟ್ ವೃತ್ತಿಯಿಂದ ಪಶುವೈದ್ಯ. ಅದೇ ವಲಯದಲ್ಲಿ ಹಲವು ವರ್ಷ ಸ್ಪರ್ಧಿಸಿ, ತನ್ನದೇ ವಿನ್ಯಾಸದ ಯು2 ಕಾರುಗಳನ್ನು ಕಟ್ಟಿದ ಆರ್ಥರ್ ಮ್ಯಾಲಕ್ ಸೇನೆಯಲ್ಲಿ ಮೇಜರ್. ಲೋಲಾ ರೇಸ್ ಕಾರುಗಳಿಗೆ ಬುನಾದಿ ಹಾಕಿದ ಎರಿಕ್ ಬ್ರಾಡ್ಲಿ ಕಲಿತದ್ದು ಕಟ್ಟಡ ವಿನ್ಯಾಸ. ಇವರಲ್ಲಿ ಯಾರೊಬ್ಬರೂ ಕಾರು ಕಾರ್ಖಾನೆಯಿಂದ ಬಂದವರಲ್ಲ ಎಂಬುದನ್ನು ಗಮನಿಸಬೇಕು.

ಸ್ಪೋರ್ಟ್ಸ್ ಮತ್ತು ರೇಸ್ ಕಾರುಗಳ ಲೋಟಸ್ ಕಂಪನಿಯನ್ನು ಸ್ಥಾಪಿಸಿದ ಕಾಲಿನ್ ಚಾಪ್‌ಮನ್ ಅವರ ಉದಾಹರಣೆಯನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಒಂದು ನೌಕರಿ ಒಂದು ಕಾರಿನೊಳಗೆ ಹೇಗೆ ಇಳಿಯುತ್ತದೆ ಎಂಬುದು ಅದರಲ್ಲಿ ಎದ್ದುಕಾಣುತ್ತದೆ. ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ರಚನಾ ಎಂಜಿನಿಯರಿಂಗ್. ಅಂದರೆ ಸೇತುವೆ, ಚಾವಣಿ, ಚೌಕಟ್ಟುಗಳು ಭಾರವನ್ನು ಹೇಗೆ ಹೊರುತ್ತವೆ ಎಂಬ ಶಾಸ್ತ್ರ. 1948ರಲ್ಲಿ ಒಂದು ಹಳೆಯ ಆಸ್ಟಿನ್ ಸೆವೆನ್ ಇಟ್ಟುಕೊಂಡು ತಮ್ಮ ಮೊದಲ ಕಾರನ್ನು ಕಟ್ಟಿದ್ದು ಪ್ರೇಯಸಿ ಹೇಜಲ್ ಅವರ ತಂದೆತಾಯಿಯ ಮನೆಯ ಗ್ಯಾರೇಜಿನಲ್ಲಿ. ಆಮೇಲೆ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ಎಂಜಿನಿಯರ್ ಆಗಿ ಸೇರಿಕೊಂಡರು. 1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಲೋಟಸ್ ಎಂಜಿನಿಯರಿಂಗ್ ಆರಂಭಿಸಿದ ಮೇಲೂ ಹಗಲಿನ ನೌಕರಿಯನ್ನು ಕೂಡಲೇ ಬಿಡಲಿಲ್ಲ. ಕಾರಿನ ಕೆಲಸವೆಲ್ಲ ಲಂಡನ್ನಿನ ಹಾರ್ನ್ಸಿಯಲ್ಲಿ ತಂದೆಯ ಪಬ್ಬಿನ ಹಿಂದಿದ್ದ ಹಳೆಯ ಕುದುರೆ ಲಾಯದಲ್ಲಿ ಸಂಜೆ ಮತ್ತು ರಾತ್ರಿ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಮೂಡಿದ ಮಾರ್ಕ್ ಸಿಕ್ಸ್ ಕಾರಿಗೆ ಭಾರವಾದ ಚಾಸಿಯ ಬದಲು ತೆಳುವಾದ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು ಇತ್ತು. ಹಗಲಿನಲ್ಲಿ ಹಗುರ ಲೋಹದ ರಚನೆಗಳ ಲೆಕ್ಕ ಹಾಕುತ್ತಿದ್ದ ಮನಸ್ಸು ಸಂಜೆ ಕಾರಿನ ಮುಂದೆ ನಿಂತಾಗ ಅದನ್ನೂ ಹೊರೆ ಹೊರುವ ಒಂದು ಚೌಕಟ್ಟಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಲೋಟಸ್ ಮಾರ್ಕ್ ಎಯ್ಟ್ ಕಾರಿನ ಮೈಕಟ್ಟನ್ನು 1954ರಲ್ಲಿ ರೂಪಿಸಿದ ಫ್ರಾಂಕ್ ಕಾಸ್ಟಿನ್ ಆಗ ಡಿ ಹ್ಯಾವಿಲ್ಯಾಂಡ್ ವಿಮಾನ ಕಂಪನಿಯಲ್ಲಿ ನೌಕರಿಯಲ್ಲಿದ್ದವರು. ಗಾಳಿಯ ಹರಿವನ್ನು ಅಳೆಯುವುದೇ ಅವರ ಉದ್ಯೋಗ. ಅವರೇ ಮುಂದೆ ಮಾರ್ಕೋಸ್ ಕಾರಿಗೆ ಪ್ಲೈವುಡ್ಡಿನ ಚಾಸಿ ಮಾಡಿದಾಗ ಹಲವರಿಗೆ ಅದು ವಿಚಿತ್ರವಾಗಿ ಕಂಡಿತು. ಆದರೆ ಯುದ್ಧಕಾಲದಲ್ಲಿ ಮರದಿಂದಲೇ ಮಾಸ್ಕಿಟೋ ವಿಮಾನ ಕಟ್ಟಿದ ಕಂಪನಿಯಲ್ಲಿ ದುಡಿದವರಿಗೆ ಅಂಟಿಸಿದ ಮರದ ಪದರಗಳ ಬಲದ ಮೇಲೆ ನಂಬಿಕೆ ಇರುವುದು ಸಹಜ. ಹವ್ಯಾಸವೆಂದರೆ ನೌಕರಿಯಿಂದ ತಪ್ಪಿಸಿಕೊಳ್ಳುವ ದಾರಿ ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಈ ಕಾರುಗಳು ಹೇಳುವುದು ಬೇರೆ: ನೌಕರಿಯಲ್ಲಿ ಕಲಿತದ್ದನ್ನು ಯಾರ ಅಪ್ಪಣೆಯೂ ಇಲ್ಲದೆ, ಮೊದಲಿನಿಂದ ಕೊನೆಯ ತನಕ ತಾನೇ ಪ್ರಯೋಗಿಸಿ ನೋಡುವ ಜಾಗ ಅವರಿಗೆ ಅಲ್ಲಿ ಸಿಕ್ಕಿತ್ತು.

ಕೌಶಲದ ಜೊತೆಗೆ ತೆರಿಗೆಯ ಪಾತ್ರವೂ ದೊಡ್ಡದು. ಬ್ರಿಟನ್ನಿನಲ್ಲಿ ಪೂರ್ಣ ಜೋಡಿಸಿದ ಹೊಸ ಕಾರಿಗೆ ಭಾರಿ ಖರೀದಿ ತೆರಿಗೆ ಬೀಳುತ್ತಿತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಹೆಚ್ಚಾಗಿ ಕಿಟ್ ರೂಪದಲ್ಲೇ, ಅಂದರೆ ಬಿಡಿಭಾಗಗಳ ಕಂತೆಯಾಗಿಯೇ, ಮಾರಾಟವಾಗಲು ಇದೇ ಕಾರಣ. ಹೀಗಾಗಿ ಗುಮಾಸ್ತ, ಶಿಕ್ಷಕ, ಡ್ರಾಫ್ಟ್ಸ್‌ಮನ್ ಮುಂತಾದ ಮಧ್ಯಮ ಸಂಬಳದವರು ಹಣಕ್ಕೆ ಬದಲಾಗಿ ತಮ್ಮ ಸಂಜೆಗಳನ್ನು ತೆತ್ತು ಸ್ಪೋರ್ಟ್ಸ್ ಕಾರಿನ ಒಡೆಯರಾಗುವುದು ಸಾಧ್ಯವಾಯಿತು. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಈ ರಿಯಾಯಿತಿ ಇಲ್ಲವಾಯಿತು. ಸೆವೆನ್ ತಯಾರಿಸುವ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಇಂದು ಆ ಕಂಪನಿಯ ಹೊಸ ಕಿಟ್ಟಿಗೆ ತೆರುವ ಹಣದಲ್ಲಿ ಒಂದು ಸಾಧಾರಣ ಹೊಸ ಕಾರನ್ನೇ ಕೊಳ್ಳಬಹುದು. ಅದನ್ನು ಕೊಳ್ಳುವವರಲ್ಲಿ ಒಳ್ಳೆಯ ಸಂಬಳದ ವೃತ್ತಿಪರರೂ ನಿವೃತ್ತರೂ ಹೆಚ್ಚಾಗಿರುವುದು ಆ ಬೆಲೆಯಿಂದಲೇ ಅರ್ಥವಾಗುತ್ತದೆ.

ಬಡ ಹವ್ಯಾಸಿಗೆ ದಾರಿ ಮತ್ತೆ ತೆರೆದದ್ದು ಶಾಲಾ ವರ್ಕ್‌ಶಾಪಿನಿಂದ. ಇಂಗ್ಲೆಂಡಿನ ಔಂಡಲ್ ಶಾಲೆಯ ಅಧ್ಯಾಪಕರೊಬ್ಬರು ಹಳೆಯ ಫೋರ್ಡ್ ಎಸ್ಕಾರ್ಟಿನ ಇಂಜಿನ್, ಗೇರ್‌ಬಾಕ್ಸ್ ಮತ್ತು ಆಕ್ಸಲ್ ತೆಗೆದು, ಒಂದಿಂಚು ಅಗಲದ ಚೌಕ ಉಕ್ಕಿನ ಕೊಳವೆಗಳಿಂದ ಚಾಸಿ ವೆಲ್ಡ್ ಮಾಡಿ, ಲೋಟಸ್ ಸೆವೆನ್ ಮಾದರಿಯ ಕಾರನ್ನು ಅತಿ ಕಡಿಮೆ ಖರ್ಚಿನಲ್ಲಿ ಕಟ್ಟುವ ವಿಧಾನವನ್ನು 1996ರಲ್ಲಿ ಕೈಪಿಡಿಯಾಗಿ ಪ್ರಕಟಿಸಿದರು. ‘ಲೋಕಾಸ್ಟ್’ ಎಂದು ಹೆಸರಾದ ಈ ಬಗೆಯ ಕಾರನ್ನು ಜಗತ್ತಿನ ಅನೇಕ ಕಡೆ ಜನ ಕಟ್ಟಿದ್ದಾರೆ. ಕೊಳವೆಯನ್ನು ಎಷ್ಟು ಉದ್ದಕ್ಕೆ ಕತ್ತರಿಸಬೇಕು, ಯಾವ ಕೋನದಲ್ಲಿ ಕೂಡಿಸಬೇಕು ಎಂಬುದನ್ನು ಹದಿಹರೆಯದವರಿಗೂ ಅರ್ಥವಾಗುವಂತೆ ಹೇಳಿದ್ದರಲ್ಲಿ ಮೇಷ್ಟರ ಕಸುಬು ಸ್ಪಷ್ಟವಾಗಿದೆ. ಅದೇ ಕಾರನ್ನು ಒಬ್ಬ ವೃತ್ತಿಪರ ಮೆಕ್ಯಾನಿಕ್ ಕಟ್ಟಿದ್ದರೆ ಪ್ರಾಯಶಃ ಅವನ ಕಾರು ಇನ್ನೂ ಚೆನ್ನಾಗಿ ಬರುತ್ತಿತ್ತು, ಆದರೆ ಅದರ ವಿದ್ಯೆ ಅವನ ಗ್ಯಾರೇಜಿನಲ್ಲೇ ಉಳಿಯುತ್ತಿತ್ತು.

ಇಂಥ ಕಾರು ಬೇಡುವ ಸಮಯದ ವಿಷಯಕ್ಕೆ ಬರೋಣ. ಎಲ್ಲ ಭಾಗಗಳೂ ಸಿದ್ಧವಾಗಿ ಬರುವ ಕಿಟ್ಟಿಗೆ ನೂರು ಗಂಟೆಯ ಆಸುಪಾಸು ಸಾಕಾಗಬಹುದು. ಚಾಸಿಯಿಂದ ಆರಂಭಿಸಿದರೆ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ಹೀಗಾಗಿ ಸಂಬಳ ಎಷ್ಟು ಎಂಬುದಕ್ಕಿಂತ ಮುಂದಿನ ವಾರದ ಬಿಡುವು ಯಾವಾಗ ಎಂದು ಇಂದೇ ಗೊತ್ತಿರುವುದು ಮುಖ್ಯವಾಗುತ್ತದೆ. ಬ್ರಿಟನ್ನಿನ ಅಗ್ನಿಶಾಮಕ ಸಿಬ್ಬಂದಿಯ ರೂಢಿಯ ಪಾಳಿಯಲ್ಲಿ ಎರಡು ಹಗಲು, ಎರಡು ರಾತ್ರಿ ದುಡಿದ ಮೇಲೆ ನಾಲ್ಕು ದಿನ ಬಿಡುವು ಸಿಗುತ್ತದೆ. ಉತ್ತರ ಸಮುದ್ರದ ತೈಲ ವೇದಿಕೆಗಳಲ್ಲಿ ವಾರಗಟ್ಟಲೆ ಸತತವಾಗಿ ದುಡಿದವರಿಗೆ ಆಮೇಲೆ ವಾರಗಟ್ಟಲೆ ಮನೆ. ಶಾಲಾ ಶಿಕ್ಷಕರಿಗೆ ಬೇಸಿಗೆ ರಜೆಯಿದೆ. ಇಂಥ ಉದ್ಯೋಗಗಳಲ್ಲಿರುವವರು ಸಾಧಾರಣ ಆದಾಯದಲ್ಲೂ ದೀರ್ಘ ಕೆಲಸವೊಂದನ್ನು ಮುಗಿಸಬಲ್ಲರು. ವ್ಯಾಪಾರಸ್ಥನಿಗೆ ಹಣವಿದ್ದರೂ ಸಂಜೆ ತನ್ನ ಕೈಯಲ್ಲಿರುವುದಿಲ್ಲ. ಅರ್ಧಕ್ಕೆ ನಿಂತ ಕಾರುಗಳು ಈ ಹವ್ಯಾಸದಲ್ಲಿ ಎಲ್ಲೆಡೆ ಮಾರಾಟಕ್ಕೆ ಬರುತ್ತವೆ, ಮತ್ತು ಅವುಗಳ ಹಿಂದೆ ಹೆಚ್ಚಾಗಿ ಇರುವುದು ಬದಲಾದ ನೌಕರಿ, ಹುಟ್ಟಿದ ಮಗು ಅಥವಾ ಮನೆ ಬದಲಾವಣೆ.

ಮಗು ಹುಟ್ಟಿದ ಮೇಲೂ ಕಾರು ಕಟ್ಟುವುದು ನಿಲ್ಲದ ಮನೆಗಳಿವೆ. ಅಲ್ಲಿ ಆ ಸಂಜೆಯ ಕೆಲಸಗಳನ್ನು ಇನ್ಯಾರೋ ಮಾಡುತ್ತಿರುತ್ತಾರೆ. ಈ ಹವ್ಯಾಸದಲ್ಲಿ ಗಂಡಸರೇ ತುಂಬಿರುವುದಕ್ಕೆ ಆಸಕ್ತಿಯ ವ್ಯತ್ಯಾಸವನ್ನು ಕಾರಣವಾಗಿ ಹೇಳುವವರು ಮೊದಲು ಗಡಿಯಾರವನ್ನು ನೋಡಬೇಕು. ಭಾರತದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಅದೇ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಎರಡರ ನಡುವಿನ ಮೂರು ಗಂಟೆಗೂ ಮೀರಿದ ಅಂತರ ಒಂದು ಇಡೀ ಸಂಜೆಗೆ ಸಮ. ಲೋಟಸ್ಸಿನ ಕಥೆಯಲ್ಲೂ ಗ್ಯಾರೇಜು ಹೇಜಲ್ ಅವರ ಮನೆಯದು, ಮೂಲ ಬಂಡವಾಳ ಅವರದು. ಹೆಸರು ಮಾತ್ರ ಒಬ್ಬರದು.

ಕಟ್ಟಿದ ಕಾರು ಬೀದಿಗೆ ಇಳಿಯಬೇಕಾದರೆ ಕಾನೂನು ಅದನ್ನು ಒಪ್ಪಿಕೊಳ್ಳಬೇಕು, ಮತ್ತು ಬ್ರಿಟನ್ ಹಾಗೂ ಭಾರತದ ದಾರಿಗಳು ಇಲ್ಲಿಯೇ ಪೂರ್ತಿಯಾಗಿ ಬೇರೆಯಾಗುತ್ತವೆ. ಬ್ರಿಟನ್ನಿನಲ್ಲಿ 1998ರಿಂದ ಇದ್ದ ಒಂಟಿ ವಾಹನ ತಪಾಸಣೆಯ ಬದಲು 2009ರಲ್ಲಿ ‘ವೈಯಕ್ತಿಕ ವಾಹನ ಅನುಮೋದನೆ’ ಎಂಬ ವ್ಯವಸ್ಥೆ ಬಂದಿತು. ಅದರಲ್ಲಿ ಹವ್ಯಾಸಿ ಕಟ್ಟಿದ ವಾಹನ ಎಂಬ ಪ್ರತ್ಯೇಕ ವರ್ಗವೇ ಇದೆ. ಸ್ವಂತ ಬಳಕೆಗಾಗಿ, ಬಹುಪಾಲು ತಾನೇ ಕಟ್ಟಿದ್ದು ಎಂಬುದಕ್ಕೆ ಫೋಟೋ, ರಸೀದಿಗಳನ್ನು ಒದಗಿಸಿ, ಶುಲ್ಕ ತೆತ್ತು, ಸರ್ಕಾರಿ ತಪಾಸಣಾ ಕೇಂದ್ರಕ್ಕೆ ಕಾರನ್ನು ಒಯ್ಯಬೇಕು. ಸೀಟ್ ಬೆಲ್ಟಿನ ಆಧಾರ, ಬ್ರೇಕ್, ಸ್ಟಿಯರಿಂಗ್, ದೀಪ, ಕನ್ನಡಿ, ಹೊಗೆ, ಸದ್ದು ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಪಾದಚಾರಿಗೆ ತಾಗಬಹುದಾದ ಹೊರ ಅಂಚುಗಳ ದುಂಡುತನವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ತಪ್ಪಿದ್ದರೆ ಪಟ್ಟಿ ಕೊಟ್ಟು ಕಳಿಸುತ್ತಾರೆ. ತಿದ್ದಿಕೊಂಡು ಮತ್ತೆ ಬರಬಹುದು. 2025ರ ಆಗಸ್ಟಿನಲ್ಲಿ ಅಲ್ಲಿನ ನೋಂದಣಿ ಸಂಸ್ಥೆ ಹಳೆಯ ಕಾರುಗಳನ್ನು ಮರುಕಟ್ಟುವವರಿಗೂ ಎಲೆಕ್ಟ್ರಿಕ್ ಆಗಿ ಪರಿವರ್ತಿಸುವವರಿಗೂ ಸಂಬಂಧಿಸಿದ ನಿಯಮಗಳನ್ನು ಇನ್ನಷ್ಟು ಸರಳಗೊಳಿಸಿತು. ನ್ಯೂಜಿಲೆಂಡಿನಲ್ಲಿ ಹವ್ಯಾಸಿಗಳ ಸಂಘಟನೆಗಳೇ ಸರ್ಕಾರದ ಜೊತೆ ಕೂತು ಇಂಥ ವಾಹನಗಳ ತಾಂತ್ರಿಕ ನಿಯಮಗಳನ್ನು ಬರೆದಿವೆ.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಪ್ರತಿಯೊಂದು ಬಗೆಯ ವಾಹನದ ಮೂಲಮಾದರಿಯನ್ನೂ ಪುಣೆಯ ವಾಹನ ಪರೀಕ್ಷಾ ಸಂಸ್ಥೆಯಾದ ಎಆರ್‌ಎಐನಂಥ ಅಂಗೀಕೃತ ಸಂಸ್ಥೆ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಇದು ಸಾವಿರಾರು ಒಂದೇ ತೆರನ ಕಾರು ತಯಾರಿಸುವ ಕಂಪನಿಗಾಗಿ ರೂಪುಗೊಂಡ ವ್ಯವಸ್ಥೆ. ಪರೀಕ್ಷೆಯ ಖರ್ಚು ಸಾವಿರಾರು ಕಾರುಗಳ ಮೇಲೆ ಹಂಚಿಹೋಗುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ಒಂದೇ ಒಂದು ಕಾರು ಕಟ್ಟುವವನು ಅದರಲ್ಲಿ ಎಲ್ಲಿಯೂ ಇಲ್ಲ. ಇರುವ ಕಾರನ್ನು ಮಾರ್ಪಡಿಸುವುದಕ್ಕೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಗಟ್ಟುತ್ತದೆ: ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್ ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

2021ರ ಡಿಸೆಂಬರಿನಲ್ಲಿ ನಮ್ಮ ಗಡಿಗೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯಿಂದ ಬಂದ ಸುದ್ದಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕಮ್ಮಾರಿಕೆಯಿಂದ ಬದುಕುವ ಒಬ್ಬರು ಗುಜರಿ ಸಾಮಾನಿನಿಂದ, ಸುಮಾರು 60,000 ರೂಪಾಯಿ ಖರ್ಚಿನಲ್ಲಿ, ಬೈಕಿನಂತೆ ಕಾಲಿನಿಂದ ಒದ್ದು ಚಾಲೂ ಮಾಡುವ ಜೀಪೊಂದನ್ನು ಕಟ್ಟಿದ್ದರು. ಮಹೀಂದ್ರ ಕಂಪನಿಯ ಅಧ್ಯಕ್ಷ ಆನಂದ್ ಮಹೀಂದ್ರ ಅದನ್ನು ಬಹಿರಂಗವಾಗಿ ಮೆಚ್ಚಿ, ನಿಯಮಗಳಿಗೆ ಹೊಂದದ ಈ ವಾಹನವನ್ನು ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆ ಎಂದು ತಿಳಿಸಿ, ಬದಲಿಗೆ ಬೊಲೆರೊ ಕೊಡುವುದಾಗಿ ಹೇಳಿದರು. ಮುಂದಿನ ತಿಂಗಳು ಕೊಟ್ಟರು ಕೂಡ. ಅದು ಉದಾರವಾದ ನಡೆ, ಸಂಶಯವಿಲ್ಲ. ಆದರೆ ಆ ಜೀಪಿನ ಬ್ರೇಕ್ ಸರಿಯಿದೆಯೇ, ಸ್ಟಿಯರಿಂಗ್ ಗಟ್ಟಿಯಿದೆಯೇ ಎಂದು ನೋಡಿ, ಇಂತಿಂಥದ್ದನ್ನು ತಿದ್ದಿಕೊಂಡು ಬನ್ನಿ ಎಂದು ಹೇಳುವ ಕಚೇರಿ ಈ ದೇಶದಲ್ಲಿ ಇರಲಿಲ್ಲ ಎಂಬುದು ನನಗೆ ನೋವಿನ ಸಂಗತಿ. ಬ್ರಿಟನ್ನಿನಲ್ಲಾದರೆ ಅವರಿಗೆ ತಪ್ಪುಗಳ ಪಟ್ಟಿಯೊಂದು ಸಿಗುತ್ತಿತ್ತು, ಮತ್ತು ಆ ಪಟ್ಟಿಯಿಂದ ಅವರ ವಿದ್ಯೆ ಬೆಳೆಯುತ್ತಿತ್ತು.

ಸುರಕ್ಷತೆಗೆ ಧಕ್ಕೆಯಾಗುತ್ತದೆ ಎಂಬ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ನಮ್ಮ ರಸ್ತೆಗಳ ಸ್ಥಿತಿಯಲ್ಲಂತೂ ಕೂಡದು. ಆದರೂ ಇದೇ ದೇಶ ವಿಮಾನದ ವಿಷಯದಲ್ಲಿ ಬೇರೆ ರೀತಿ ನಡೆದುಕೊಂಡಿದೆ. ಜೆಟ್ ಏರ್‌ವೇಸ್‌ನಲ್ಲಿ ಪೈಲಟ್ ಆಗಿದ್ದ ಕ್ಯಾಪ್ಟನ್ ಅಮೋಲ್ ಯಾದವ್ ಮುಂಬೈನ ಕಾಂದಿವಲಿಯ ತಮ್ಮ ಕಟ್ಟಡದ ಚಾವಣಿಯ ಮೇಲೆ ಆರು ಆಸನದ ವಿಮಾನ ಕಟ್ಟಿದರು. ಹಲವು ವರ್ಷಗಳ ಓಡಾಟದ ನಂತರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರ ನವೆಂಬರಿನಲ್ಲಿ ಅದನ್ನು ನೋಂದಾಯಿಸಿತು, 2019ರಲ್ಲಿ ಪರೀಕ್ಷಾರ್ಥ ಹಾರಾಟಕ್ಕೆ ಪರವಾನಗಿಯನ್ನೂ ಕೊಟ್ಟಿತು. ಹವ್ಯಾಸಿ ಕಟ್ಟಿದ ವಿಮಾನಕ್ಕೆ ನಿಯಮಗಳ ಪುಸ್ತಕದಲ್ಲಿ ಒಂದು ವರ್ಗ ಇದ್ದುದರಿಂದ ಅದು ಸಾಧ್ಯವಾಯಿತು. ಆಕಾಶಕ್ಕೆ ಸಾಧ್ಯವಾದದ್ದು ರಸ್ತೆಗೆ ಯಾಕೆ ಸಾಧ್ಯವಿಲ್ಲ ಎಂಬ ಪ್ರಶ್ನೆಗೆ ತಾಂತ್ರಿಕವಾದ ಉತ್ತರ ಇದೆಯೆಂದು ನನಗೆ ಅನಿಸುವುದಿಲ್ಲ.

ಬೆಂಗಳೂರಿನ ಸ್ಥಿತಿಯನ್ನು ನೋಡಿದರೆ ಈ ಕೊರತೆ ಇನ್ನಷ್ಟು ಕಾಡುತ್ತದೆ. ಡಿ ಹ್ಯಾವಿಲ್ಯಾಂಡ್ ಇದ್ದ ಕಾಲದಲ್ಲೇ ಇಲ್ಲಿ ಎಚ್‌ಎಎಲ್ ಇತ್ತು. 1953ರಲ್ಲಿ ಎಚ್‌ಎಂಟಿ ಬಂತು. ಮೈಕ್ರಾನ್ ಲೆಕ್ಕದಲ್ಲಿ ಲೋಹ ತಿರುಗಿಸಬಲ್ಲ ಫಿಟ್ಟರು, ಟರ್ನರುಗಳು ಆ ಕಾರ್ಖಾನೆಗಳಲ್ಲಿ ತರಬೇತಾದರು, ಮತ್ತು ಅವರಿಗೆ ನಿಗದಿತ ಪಾಳಿಯೂ ಇತ್ತು. ಅವರಿಗೆ ಇಲ್ಲದಿದ್ದದ್ದು ಅಗ್ಗದ ಹಳೆಯ ಕಾರು. ಅಂಬಾಸಿಡರ್, ಫಿಯೆಟ್‌ಗಳಿಗಾಗಿ ವರ್ಷಗಟ್ಟಲೆ ಕಾಯಬೇಕಿದ್ದ ದೇಶದಲ್ಲಿ ಯಾವ ಕಾರೂ ಗುಜರಿ ಬೆಲೆಗೆ ಇಳಿಯುತ್ತಿರಲಿಲ್ಲ. ಮದ್ರಾಸಿನ ಷೋಲಾವರಂ ರನ್‌ವೇಯಲ್ಲಿ ನಡೆಯುತ್ತಿದ್ದ ರೇಸುಗಳಿಗೆ ಫಿಯೆಟ್, ಹೆರಾಲ್ಡ್ ಕಾರುಗಳ ಭಾಗಗಳಿಂದ ಸ್ಪೆಷಲ್ ಕಟ್ಟಿ ತಂದವರಿದ್ದರು, ಆದರೆ ಅದು ಅನುಕೂಲಸ್ಥರ ಸಣ್ಣ ವಲಯ.

ಇಂದು ಹಳೆಯ ಕಾರುಗಳಿಗೆ ಬರವಿಲ್ಲ, ಬರವಿರುವುದು ಸಂಜೆಗೆ. ಕಾರ್ಖಾನೆಗಳ ದಿನದ ದುಡಿಮೆಯನ್ನು ವಾರಕ್ಕೆ 48 ಗಂಟೆಯ ಮಿತಿಯೊಳಗೆ 12 ಗಂಟೆಯವರೆಗೆ ಏರಿಸಲು, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 145 ಗಂಟೆಗೆ ಹೆಚ್ಚಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕದ ವಿಧಾನಮಂಡಲ 2023ರ ಫೆಬ್ರುವರಿಯಲ್ಲಿ ಅಂಗೀಕರಿಸಿತು. ಪೀಣ್ಯದ ಸಣ್ಣ ಲೇತ್ ಶೆಡ್ಡುಗಳಲ್ಲಿ, ಜೆ.ಸಿ. ರಸ್ತೆಯ ಗ್ಯಾರೇಜುಗಳಲ್ಲಿ ದುಡಿಯುವವರ ಕೈಯಲ್ಲಿ ಕಾರು ಕಟ್ಟುವ ವಿದ್ಯೆ ಪೂರ್ತಿಯಾಗಿದೆ. ಅವರ ದಿನ ಮುಗಿಯುವ ಹೊತ್ತಿಗೆ ಇನ್ನೊಂದು ಕೆಲಸ ಆರಂಭಿಸುವ ತ್ರಾಣ ಉಳಿದಿರುವುದಿಲ್ಲ. ಇನ್ನೊಂದು ಕಡೆ, ಜಾಗತಿಕ ಕಾರು ಕಂಪನಿಗಳ ಸಂಶೋಧನಾ ಕೇಂದ್ರಗಳಲ್ಲಿ ಸಾವಿರಾರು ಎಂಜಿನಿಯರುಗಳು ಇದೇ ನಗರದಲ್ಲಿ ಕಾರಿನ ಬಾಗಿಲ ಒಂದು ಭಾಗವನ್ನೋ ಬ್ರೇಕಿನ ಒಂದು ಸಾಫ್ಟ್‌ವೇರನ್ನೋ ತೆರೆಯ ಮೇಲೆ ರೂಪಿಸುತ್ತಾರೆ. ಇವರಲ್ಲಿ ಕೆಲವರಾದರೂ ಕಾಲೇಜಿನಲ್ಲಿದ್ದಾಗ ಇಡೀ ವಾಹನ ಕಟ್ಟಿದವರು. 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗಾಗಿ ಪ್ರತಿವರ್ಷ ವಿದ್ಯಾರ್ಥಿಗಳು ಚಾಸಿ ವೆಲ್ಡ್ ಮಾಡಿ ಕಚ್ಚಾ ದಾರಿಯಲ್ಲಿ ಓಡುವ ಸಣ್ಣ ಬಗ್ಗಿ ಕಾರು ಕಟ್ಟುತ್ತಾರೆ, ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳು ಫಾರ್ಮುಲಾ ಸ್ಪರ್ಧೆಗಳಿಗೆ ಹೋಗಿವೆ. ಇಪ್ಪತ್ತೊಂದನೆಯ ವಯಸ್ಸಿಗೆ ಕಾರು ಕಟ್ಟಬಲ್ಲವರಾದ ಈ ತರುಣ ತರುಣಿಯರು ನೌಕರಿಗೆ ಸೇರಿದ ಮೇಲೆ ಆ ಕೈಕೆಲಸವನ್ನು ಮುಂದುವರಿಸಲು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಜಾಗವಿಲ್ಲ, ಕಟ್ಟಿದರೂ ನೋಂದಣಿಯಿಲ್ಲ.

ಪರಿಹಾರದ ಅರ್ಧ ಭಾಗ ನಮ್ಮಲ್ಲಿ ಈಗಾಗಲೇ ಇದೆ. ಜಿಲ್ಲೆಜಿಲ್ಲೆಯ ಸರ್ಕಾರಿ ಐಟಿಐಗಳಲ್ಲಿ ವೆಲ್ಡಿಂಗ್ ಮತ್ತು ಫಿಟ್ಟಿಂಗ್ ವರ್ಕ್‌ಶಾಪುಗಳಿವೆ. ಅವುಗಳ ಬಾಗಿಲನ್ನು ಸಣ್ಣ ಶುಲ್ಕಕ್ಕೆ ಸಂಜೆ ಹೊರಗಿನವರಿಗೂ ತೆರೆದರೆ ಜಾಗ, ಸಲಕರಣೆ, ಮಾರ್ಗದರ್ಶನ ಒಟ್ಟಿಗೆ ದೊರೆಯುತ್ತವೆ. ವರ್ಷಕ್ಕೆ ಇಂತಿಷ್ಟೇ ಎಂದು ಮಿತಿ ಹಾಕಿ, ಮಾರಾಟವನ್ನು ನಿರ್ಬಂಧಿಸಿ, ವೇಗಕ್ಕೆ ಕಡಿವಾಣ ಹಾಕಿ ಹವ್ಯಾಸಿ ವಾಹನದ ವರ್ಗವೊಂದನ್ನು ನಿಯಮಗಳಿಗೆ ಸೇರಿಸುವುದು ಕೇಂದ್ರ ಸಾರಿಗೆ ಸಚಿವಾಲಯದ ಕೈಯಲ್ಲಿದೆ. ನಿಜವಾದ ತೊಡಕು ಹೊಗೆಯ ಮಾನದಂಡ. ಮನೆಯಲ್ಲಿ ಕಟ್ಟಿದ ಪೆಟ್ರೋಲ್ ಕಾರು ಬಿಎಸ್6 ಎಂಬ ಈಗಿನ ಹೊಗೆ ಮಿತಿಯ ಮಟ್ಟ ಮುಟ್ಟುವುದು ಅಸಾಧ್ಯವೆನ್ನುವಷ್ಟು ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯ ಈ ತೊಡಕನ್ನು ವರ್ಷಕ್ಕೆ 500 ವಾಹನಗಳಿಗೆ ಮಾತ್ರ ಹೊಗೆ ನಿಯಮದಲ್ಲಿ ವಿನಾಯಿತಿ ಕೊಟ್ಟು ಬಿಡಿಸಿಕೊಂಡಿತು. ಎಲೆಕ್ಟ್ರಿಕ್ ಮೋಟರ್ ಕೂರಿಸಿದರೆ ಹೊಗೆಯ ಪ್ರಶ್ನೆ ಪೂರ್ತಿ ಇಲ್ಲವಾಗುತ್ತದೆ, ಆದರೆ ಬ್ಯಾಟರಿಯ ಬೆಂಕಿ ಮತ್ತು ಹೆಚ್ಚು ವೋಲ್ಟೇಜಿನ ಅಪಾಯ ಎದುರಾಗುತ್ತದೆ. ಹಳೆಯ ವಾಹನಗಳಿಗೆ ಎಲೆಕ್ಟ್ರಿಕ್ ಕಿಟ್ ಅಳವಡಿಸುವುದಕ್ಕೆ ಎಐಎಸ್-123 ಎಂಬ ಮಾನದಂಡ ಭಾರತದಲ್ಲಿ ಈಗಾಗಲೇ ಇದೆ. ಅದು ಕಿಟ್ ತಯಾರಿಸುವ ಕಂಪನಿಗಳಿಗಾಗಿ ಬರೆದದ್ದು. ಬ್ಯಾಟರಿಯ ಪೆಟ್ಟಿಗೆ, ಫ್ಯೂಸ್, ತಂತಿಯ ನಿರೋಧನ, ತುರ್ತು ಸ್ವಿಚ್ಚುಗಳಿಗೆ ಸಂಬಂಧಿಸಿದ ಪರೀಕ್ಷೆಗಳನ್ನು ಒಂದೇ ಒಂದು ವಾಹನಕ್ಕೆ ಹೊಂದುವಂತೆ, ಹವ್ಯಾಸಿಯ ಜೇಬಿಗೆ ತಾಳುವ ಶುಲ್ಕದಲ್ಲಿ ತಿದ್ದಿ ಬರೆಯುವುದರಿಂದ ಕೆಲಸವನ್ನು ಆರಂಭಿಸಬಹುದು.